ಬೀರುವಿನ ಬೀಗ ಮತ್ತು ಹೋಶಂಗಾಬಾದಿನ ಮಕ್ಕಳು

ಶಾಲಾ ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಆಯೋಗಗಳ ವರದಿಗಳಿಂದಲೋ ಪಠ್ಯಕ್ರಮದ ಪರಿಷ್ಕರಣೆಯಿಂದಲೋ ಆರಂಭಿಸುವುದು ರೂಢಿ. ಮೂರು ದಶಕಗಳಿಗೂ ಮಿಕ್ಕಿ ವಿಜ್ಞಾನ ಬೋಧಿಸಿದ ನನಗಾದರೋ ಅದು ಒಂದು ಬೀರುವಿನ ಚರಿತ್ರೆಯಾಗಿಯೇ ತೋರುತ್ತದೆ. ಪ್ರನಾಳ, ಬೀಕರು, ಸ್ಪಿರಿಟ್ ದೀಪ, ಅಯಸ್ಕಾಂತಗಳನ್ನು ಒಳಗಿಟ್ಟುಕೊಂಡು ವರ್ಷವಿಡೀ ಬೀಗ ಹಾಕಿಸಿಕೊಂಡು ನಿಂತಿರುತ್ತಿದ್ದ ಆ ಬೀರುವನ್ನು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಬಹುಮಂದಿ ತಮ್ಮ ತಮ್ಮ ಊರಿನ ಪ್ರಾಥಮಿಕ ಶಾಲೆಗಳಲ್ಲಿ ಕಂಡಿರಬಹುದು.

ಬೀಗ ಹಾಕಿದ ಉಪಾಧ್ಯಾಯರನ್ನು ದೂರುವುದು ಸುಲಭ. ಆದರೆ ದಾಸ್ತಾನು ಪುಸ್ತಕದಲ್ಲಿ ಹನ್ನೆರಡು ಪ್ರನಾಳಗಳಿದ್ದು, ತಪಾಸಣೆಯ ದಿನ ಒಂಬತ್ತೇ ಸಿಕ್ಕರೆ ಉತ್ತರ ಹೇಳಬೇಕಾದವರು ಅವರೇ. ಒಡೆದ ಗಾಜಿಗೆ ಸಮಜಾಯಿಷಿ ಬರೆಯಬೇಕು. ಕಲಿಯದ ಮಗುವಿಗೆ ಬರೆಯಬೇಕಾಗಿಲ್ಲ. ಇಂತಹ ಲೆಕ್ಕದಲ್ಲಿ ಬೀಗವೇ ಗೆಲ್ಲುತ್ತದೆ. 1987ರಲ್ಲಿ ಆರಂಭವಾದ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಯೋಜನೆಯಡಿ ಪ್ರಾಥಮಿಕ ಶಾಲೆಗಳಿಗೆ ವಿಜ್ಞಾನದ ಪೆಟ್ಟಿಗೆಗಳು ಬಂದಾಗಲೂ ನಾನು ಕಂಡ ಹಲವು ಕಡೆ ಅವು ನೇರವಾಗಿ ಬೀರುವಿನೊಳಗೆ ಹೋದವು.

ಸಲಕರಣೆಗಳೇ ಇಲ್ಲದಾಗ ವಿಜ್ಞಾನ ಕಲಿಸುವುದು ಹೇಗೆಂಬ ಪ್ರಶ್ನೆ ನಮ್ಮದು ಮಾತ್ರವಾಗಿರಲಿಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಯೂರೋಪಿನ ಅನೇಕ ದೇಶಗಳ ಶಾಲೆಗಳು ಹಾಳುಬಿದ್ದಿದ್ದವು. ಅಲ್ಲಿನ ಶಿಕ್ಷಕರಿಗೆಂದು ಲಂಡನ್ನಿನ ಅಧ್ಯಾಪಕ ಜೆ. ಪಿ. ಸ್ಟೀಫನ್‌ಸನ್ ಬರೆದ ಕಿರುಹೊತ್ತಗೆಯೊಂದನ್ನು ಯುನೆಸ್ಕೋ 1948ರಲ್ಲಿ ಪ್ರಕಟಿಸಿತು. ಅದನ್ನು ವಿಸ್ತರಿಸಿ, ಬೇರೆ ಬೇರೆ ದೇಶಗಳ ಅನುಭವವನ್ನು ಸೇರಿಸಿ 1956ರಲ್ಲಿ ಹೊರಬಂದದ್ದೇ ವಿಜ್ಞಾನ ಬೋಧನೆಯ ಯುನೆಸ್ಕೋ ಆಕರಗ್ರಂಥ. ಸುಟ್ಟುಹೋದ ವಿದ್ಯುತ್ ಬಲ್ಬು ಅದರಲ್ಲಿ ಫ್ಲಾಸ್ಕಾಗುತ್ತದೆ, ನೀರಿನ ಹನಿ ಮಸೂರವಾಗುತ್ತದೆ. ಬಡತನಕ್ಕಾಗಿ ನಾಚಿಕೊಳ್ಳದ ಪುಸ್ತಕ ಅದು. ಆದರೂ ಒಂದು ಕೊರತೆ ಉಳಿಯಿತೆಂಬುದು ನನ್ನ ಅಭಿಪ್ರಾಯ: ಉಪಕರಣ ಮಾಡುವ ವಿಧಾನವನ್ನು ಅದು ಹೇಳಿತು, ಅದು ಮಗುವಿನ ಕೈಗೆ ತಲುಪುವಂತೆ ಇಡೀ ಶಾಲಾ ವ್ಯವಸ್ಥೆಯನ್ನು ಹೊಂದಿಸುವ ಬಗೆಯನ್ನು ಹೇಳಲಿಲ್ಲ. ಹೇಳುವುದು ಒಂದು ಪುಸ್ತಕಕ್ಕೆ ಸಾಧ್ಯವೂ ಇರಲಿಲ್ಲ.

ಆ ಕೆಲಸಕ್ಕೆ ಕೈಹಾಕಿದ್ದು ಮಧ್ಯಪ್ರದೇಶದ ಹೋಶಂಗಾಬಾದ್. ಈಗ ನರ್ಮದಾಪುರಂ ಎಂದು ಹೆಸರು ಬದಲಾಗಿರುವ ಜಿಲ್ಲೆ. ಅನಿಲ್ ಸದ್ಗೋಪಾಲ್ ಮತ್ತು ಅವರ ಗೆಳೆಯರು ಕಟ್ಟಿದ ‘ಕಿಶೋರ್ ಭಾರತಿ’ ಹಾಗೂ ರಸೂಲಿಯಾದ ‘ಫ್ರೆಂಡ್ಸ್ ರೂರಲ್ ಸೆಂಟರ್’ ಎಂಬ ಎರಡು ಸಂಸ್ಥೆಗಳು 1972ರಲ್ಲಿ ರಾಜ್ಯ ಸರ್ಕಾರದ ಅನುಮತಿ ಪಡೆದು 16 ಮಾಧ್ಯಮಿಕ ಶಾಲೆಗಳಲ್ಲಿ, ಆರರಿಂದ ಎಂಟನೆಯ ತರಗತಿಯವರೆಗೆ, ಹೊಸ ಬಗೆಯ ವಿಜ್ಞಾನ ಬೋಧನೆಯನ್ನು ಆರಂಭಿಸಿದವು. ಎಲ್ಲವೂ ಸರ್ಕಾರಿ ಮಾಧ್ಯಮಿಕ ಶಾಲೆಗಳೇ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹಾಗೂ ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಳ್ಳಿಯ ಮೇಷ್ಟರುಗಳೊಡನೆ ನೆಲದ ಮೇಲೆ ಕುಳಿತು ಪಾಠಗಳನ್ನು ತಿದ್ದಿದರು. 1978ರಲ್ಲಿ ಕಾರ್ಯಕ್ರಮ ಇಡೀ ಜಿಲ್ಲೆಗೆ ಹಬ್ಬಿತು. ಅದರ ಹೊಣೆ ಹೊರಲು 1982ರಲ್ಲಿ ‘ಏಕಲವ್ಯ’ ಸಂಸ್ಥೆ ಹುಟ್ಟಿಕೊಂಡಿತು.

ತರಗತಿಯ ಏರ್ಪಾಡು ಸರಳವಾಗಿತ್ತು. ನಾಲ್ಕು ಮಕ್ಕಳಿಗೊಂದು ಟೋಳಿ, ಎಂದರೆ ಗುಂಪು. ಪ್ರಯೋಗ ಮಾಡುವವರು ಮಕ್ಕಳು; ಮೇಷ್ಟರು ಗುಂಪಿನಿಂದ ಗುಂಪಿಗೆ ಸುತ್ತುವವರು. ‘ಬಾಲ ವೈಜ್ಞಾನಿಕ’ ಎಂಬ ಅಭ್ಯಾಸಪುಸ್ತಕದಲ್ಲಿ ಪ್ರಶ್ನೆಗಳಿದ್ದವು, ಉತ್ತರಗಳು ಮಕ್ಕಳ ಟಿಪ್ಪಣಿಯಲ್ಲಿ ಹುಟ್ಟಬೇಕಾಗಿತ್ತು. ಕಿಟ್ಟಿನಲ್ಲಿ ಆದಷ್ಟೂ ಪೇಟೆಯಲ್ಲಿ ಸಿಗುವ ವಸ್ತುಗಳೇ ಇದ್ದವು. ಒಡೆದದ್ದನ್ನೂ ಮುಗಿದದ್ದನ್ನೂ ಮತ್ತೆ ತುಂಬಿಕೊಡುವ ವ್ಯವಸ್ಥೆಯಿತ್ತು. ಒಡೆಯುವುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡ ಯೋಜನೆ! ಬೀಗದ ಕೈ ಇದ್ದದ್ದು ಇಲ್ಲಿಯೇ ಎಂದು ನಾನು ನಂಬಿದ್ದೇನೆ.

ಒಂದು ಪಾಠವನ್ನು ಮಾತ್ರ ಹೇಳುತ್ತೇನೆ. ಒಂದೇ ಉದ್ದವನ್ನು ತರಗತಿಯ ಮಕ್ಕಳೆಲ್ಲರೂ ಅಳೆಯುತ್ತಾರೆ, ಅಳತೆಗಳು ಒಂದಕ್ಕೊಂದು ಹೊಂದುವುದಿಲ್ಲ. ನಮ್ಮ ಸಾಮಾನ್ಯ ತರಗತಿಯಲ್ಲಾದರೆ ‘ಸರಿಯಾಗಿ ಅಳೆಯಿರಿ’ ಎಂಬ ಗದರಿಕೆಯಲ್ಲಿ ಪಾಠ ಮುಗಿಯುತ್ತಿತ್ತು. ಅಲ್ಲಿ ಪಾಠ ಆರಂಭವಾಗುತ್ತಿದ್ದುದೇ ಆ ವ್ಯತ್ಯಾಸದಿಂದ. ಈ ಹೆಚ್ಚುಕಡಮೆ ಏಕೆ, ಯಾವ ಅಳತೆ ಹೆಚ್ಚು ಬಾರಿ ಬಂದಿದೆ, ಯಾವುದನ್ನು ನಂಬೋಣ? ಹನ್ನೊಂದು ವರ್ಷದ ಮಗುವಿಗೆ ಅದು ದೊಡ್ಡ ಗೌರವ.

ಈ ಕಾರ್ಯಕ್ರಮದ ಬಗ್ಗೆ ಓದಿದ ಮೇಲೆ ನಾನೂ ಅರವತ್ತು ಮಕ್ಕಳ ನನ್ನ ತರಗತಿಯನ್ನು ಹದಿನೈದು ಗುಂಪು ಮಾಡಿದೆ. ಸಾಮಾನು ಹಂಚುವುದರಲ್ಲೇ ಅರ್ಧ ಪಿರಿಯಡ್ಡು ಕಳೆಯುವುದೆಂಬ ಭಯವಿತ್ತು. ಸಂತೆಯಿಂದ ಹದಿನೈದು ಬಿದಿರಿನ ಮೊರ ತರಿಸಿ, ಅಂಚಿಗೆ ಅಂಕಿ ಬರೆದು, ಹಿಂದಿನ ದಿನವೇ ಜೋಡಿಸಿಡುತ್ತಿದ್ದೆ. ಮೊರ ಒಯ್ದವರೇ ಎಣಿಸಿ ಹಿಂದಿರುಗಿಸಬೇಕು. ಗದ್ದಲವೇನೋ ಆಗುತ್ತಿತ್ತು, ಪಕ್ಕದ ಕೊಠಡಿಯವರ ಮುಖ ಗಂಟಿಕ್ಕುತ್ತಿತ್ತು. ಕಳೆದುಹೋದದ್ದು ಮಾತ್ರ ಅತ್ಯಲ್ಪ.

ಹೋಶಂಗಾಬಾದಿನವರು ಪರೀಕ್ಷೆಯನ್ನೂ ಬಿಡಲಿಲ್ಲ. ಪುಸ್ತಕ, ಟಿಪ್ಪಣಿ ತೆರೆದಿಟ್ಟುಕೊಂಡೇ ಬರೆಯಬಹುದಾಗಿತ್ತು. ಕೈಯಿಂದ ಮಾಡಿ ತೋರಿಸುವ ಪ್ರಾಯೋಗಿಕ ಪರೀಕ್ಷೆಯೂ ಇತ್ತು. ಶಿಕ್ಷಕರಿಗೆ ಬೇಸಗೆಯ ಶಿಬಿರ, ತಿಂಗಳ ಸಭೆ. ಮಕ್ಕಳಿಗೆ ಪ್ರಶ್ನೆ ಬರೆದು ಕಳುಹಿಸಲು ‘ಸವಾಲಿರಾಮ’ ಎಂಬ ಕಲ್ಪಿತ ವ್ಯಕ್ತಿ. ಇದೇ ಪರಿಸರಕ್ಕೆ 1978ರಲ್ಲಿ ಬಂದ ಯುವ ಎಂಜಿನಿಯರ್ ಅರವಿಂದ ಗುಪ್ತಾ, ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿ ತ್ರಿಕೋನ, ಚೌಕ, ಮನೆಗಳನ್ನು ಕಟ್ಟುವ ಆಟಿಕೆಯನ್ನು ರೂಪಿಸಿದರು. ಚೌಕ ಒತ್ತಿದರೆ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಸೇತುವೆ, ಮಾಡಿನ ತೊಲೆಗಳ ಗುಟ್ಟು ಕೆಲವೇ ಕಡ್ಡಿಗಳಲ್ಲಿ ತಿಳಿಯುತ್ತದೆ.

2002ರಲ್ಲಿ ರಾಜ್ಯ ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿ, ರಾಜ್ಯದ ಉಳಿದೆಡೆಯ ಪಠ್ಯಪುಸ್ತಕಗಳನ್ನೇ ಅಲ್ಲಿಗೂ ತಂದಿತು. ಮೂವತ್ತು ವರ್ಷಗಳ ಕೆಲಸ. ಅದರಲ್ಲಿ ದೋಷಗಳೇ ಇರಲಿಲ್ಲವೆನ್ನಲಾರೆ: ಎಂಟನೆಯ ತರಗತಿಯ ತನಕ ಪ್ರಶ್ನೆ ಕೇಳಲು ಕಲಿತ ಮಕ್ಕಳು ಒಂಬತ್ತಕ್ಕೆ ಹೋದೊಡನೆ ಬಾಯಿಪಾಠದ ಪರೀಕ್ಷೆಗೆ ಸಿದ್ಧರಾಗಬೇಕಾಗಿತ್ತು, ಪಾಲಕರ ಆತಂಕ ಸಹಜ. ಆ ಬಿರುಕನ್ನು ಮುಚ್ಚಲು ಮೇಲಿನ ತರಗತಿಗಳನ್ನು ಬದಲಿಸಬಹುದಾಗಿತ್ತು, ಕೆಳಗಿನದನ್ನು ಕೆಡವಲಾಯಿತು. ನನಗೆ ಈಗಲೂ ಇದು ನೋವಿನ ಸಂಗತಿ.

‘ಬಾಲ ವೈಜ್ಞಾನಿಕ’ ಪುಸ್ತಕಗಳು ಉಳಿದಿವೆ. ಅರವಿಂದ ಗುಪ್ತಾ ತಮ್ಮ ಆಟಿಕೆಗಳನ್ನೂ ಪುಸ್ತಕಗಳನ್ನೂ ಅಂತರಜಾಲದಲ್ಲಿ ಉಚಿತವಾಗಿ ಇರಿಸಿದ್ದಾರೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ನಿಮ್ಮಲ್ಲಿ ಶಿಕ್ಷಕರಾಗಿರುವವರು ಬೆಂಕಿಕಡ್ಡಿಯ ಆಟಿಕೆಯನ್ನು ಮಾಡಿಸುವುದಾದರೆ ಮೊದಲು ಕಡ್ಡಿಗಳ ಮದ್ದನ್ನು ಕೆರೆದು ತೆಗೆಯಿರಿ. ವಾಲ್ವ್ ಟ್ಯೂಬನ್ನು ಹಳೆಯ ಸೈಕಲ್ ರಿಪೇರಿ ಅಂಗಡಿಯಲ್ಲಿ ಕೇಳಿ ನೋಡಿ. ನಮ್ಮೂರಿನಲ್ಲಿ ಒಂದು ಅಂಗಡಿ ಇನ್ನೂ ಇಟ್ಟಿದೆ.