ಬಗ್ದಾದಿನಿಂದ ಬೆಂಗಳೂರಿಗೆ: ಗುಪ್ತಲಿಪಿಯ ವಿದ್ಯೆ



ಸೈಬರ್ ಭದ್ರತೆಯೆಂದರೆ ದೊಡ್ಡ ಪಟ್ಟಣದ ಇಂಜಿನಿಯರುಗಳ ವಿದ್ಯೆ, ಸೈದಾಪುರದ ಮಕ್ಕಳಿಗೆ ನಿಲುಕದು ಎಂದು ನೀವು ಭಾವಿಸಿರಬಹುದು. ಅದರ ಚರಿತ್ರೆ ಬೇರೆಯೇ ಮಾತು ಹೇಳುತ್ತದೆ.

9ನೇ ಶತಮಾನದಲ್ಲಿ ಬಗ್ದಾದಿನ ವಿದ್ವಾಂಸ ಅಲ್-ಕಿಂದಿಯವರು ಗುಪ್ತಲಿಪಿ ಬಿಡಿಸುವ ಕ್ರಮವನ್ನು ಬರೆದಿಟ್ಟರು. ಪ್ರತಿ ಭಾಷೆಯಲ್ಲೂ ಕೆಲವು ಅಕ್ಷರಗಳು ಹೆಚ್ಚಾಗಿ, ಕೆಲವು ಅಪರೂಪಕ್ಕೆ ಬರುತ್ತವೆ. ಗುಪ್ತ ಬರಹದಲ್ಲಿ ಹೆಚ್ಚು ಸಲ ಬಂದ ಗುರುತನ್ನು ಭಾಷೆಯಲ್ಲಿ ಹೆಚ್ಚು ಬರುವ ಅಕ್ಷರಕ್ಕೆ ಹೊಂದಿಸಿ ನೋಡುತ್ತ ಹೋದರೆ ಗುಟ್ಟು ಬಿಚ್ಚಿಕೊಳ್ಳುತ್ತದೆ. ಅವರ ಬಳಿ ಕಂಪ್ಯೂಟರ್ ಇರಲಿಲ್ಲ. ಭಾಷಾಜ್ಞಾನ, ಗಣಿತ, ತಾಳ್ಮೆ ಇದ್ದವು.

ನಮ್ಮ ದೇಶದಲ್ಲಿ 2000ರಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂದಿತು. ಮರುವರ್ಷ ಬೆಂಗಳೂರಿನಲ್ಲಿ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಆರಂಭವಾಯಿತು. 2004ರಲ್ಲಿ ಕೇಂದ್ರ ಸರ್ಕಾರದ ಸರ್ಟ್-ಇನ್ ಕೆಲಸ ಶುರುಮಾಡಿತು. ಹೀಗೆ ಜಾಲದ ಕಾವಲು ಒಂದು ಉದ್ಯೋಗವಾಯಿತು.

ನೀವು ಎಲ್ಲಿಂದ ಆರಂಭಿಸಬೇಕು? ಮೊದಲು ನೆಟ್‌ವರ್ಕ್ ನಡೆಯುವ ಬಗೆ, ನಂತರ ಲಿನಕ್ಸ್, ಆಮೇಲೆ ಪೈಥಾನ್ ಕಲಿಯಿರಿ. ಸರ್ಕಾರದ 'ಸ್ವಯಂ' ತಾಣದಲ್ಲಿ ಪಾಠ ಉಚಿತ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಅಭ್ಯಾಸವೆಲ್ಲ ಸ್ವಂತ ಯಂತ್ರದಲ್ಲೇ ಇರಲಿ. ಅನುಮತಿಯಿಲ್ಲದೆ ಇತರರ ಕಂಪ್ಯೂಟರಿಗೆ ದುರುದ್ದೇಶದಿಂದ ಕೈಹಾಕಿದರೆ ಅದೇ ಕಾಯ್ದೆಯ 66ನೇ ಕಲಮಿನಡಿ 3 ವರ್ಷದವರೆಗೆ ಸೆರೆವಾಸವಿದೆ. ಮಾಡಿದ ಪ್ರತಿ ಅಭ್ಯಾಸವನ್ನೂ ಬರೆದಿಡಿ. ಸಂದರ್ಶನದಲ್ಲಿ ಅದೇ ನಿಮ್ಮ ಸಾಕ್ಷಿ.

ಹೊಸಬರಿಗೆ ಸಾಮಾನ್ಯವಾಗಿ ಸಿಗುವ ಮೊದಲ ಕೆಲಸ, ಸಾವಿರಾರು ಸಾಲುಗಳ ದಾಖಲೆಯಲ್ಲಿ ಅಸಹಜವಾದುದನ್ನು ಗುರುತಿಸುವುದು. ಅಲ್-ಕಿಂದಿ ಮಾಡಿದ್ದೂ ಅದನ್ನೇ. ಅಕ್ಷರವನ್ನು ಗಮನವಿಟ್ಟು ಓದುವವರಿಗೆ ಈ ಬಾಗಿಲು ತೆರೆದಿದೆ.