ಬಸವ: ತೊಟ್ಟಿಲಿನಿಂದ ಇನಿಷಿಯಲ್‌ವರೆಗೆ

ಬೆಂಗಳೂರಿನ ಬಸವನಗುಡಿಗೆ ಆ ಹೆಸರು ಬಂದದ್ದು ಹನ್ನೆರಡನೇ ಶತಮಾನದ ಶರಣನಿಂದಲ್ಲ, ದೊಡ್ಡ ಬಸವಣ್ಣನ ಗುಡಿಯಲ್ಲಿ ಕೂತ ಕಲ್ಲಿನ ನಂದಿಯಿಂದ. ಬೀದರ್ ಜಿಲ್ಲೆಯ ಕಲ್ಯಾಣ, ಸ್ವಾತಂತ್ರ್ಯ ಬಂದ ಮೇಲೆ ಬಸವಕಲ್ಯಾಣವಾದದ್ದು ಮಾತ್ರ ಶರಣನ ನೆನಪಿಗೆ. ಗಂಡುಮಗುವಿಗೆ ಬಸವನ ಹೆಸರಿಟ್ಟವರಲ್ಲೂ ಈ ಎರಡು ಬಗೆಯವರಿದ್ದಾರೆ. ಕೆಲವರು ನೆನೆದದ್ದು ಊರ ಗುಡಿಯ ದೇವರನ್ನು, ಕೆಲವರು ಮನುಷ್ಯನನ್ನು. ಬಹಳಷ್ಟು ಮನೆಗಳಲ್ಲಿ ಈ ಇಬ್ಬರನ್ನು ಬೇರೆ ಮಾಡಿ ನೋಡುವ ಗೋಜಿಗೇ ಯಾರೂ ಹೋಗಿಲ್ಲ.

ಸಂಸ್ಕೃತದ ವೃಷಭ ಕನ್ನಡಕ್ಕೆ ಬರುವಾಗ ಬಸವನಾಯಿತು. ವಸತಿ ಬಸದಿಯಾದ, ವಿದ್ಯೆ ಬಿಜ್ಜೆಯಾದ ದಾರಿಯೇ ಇದು. ಹೀಗೆ ಬಳಕೆಗೆ ಬಂದ ಮಾತು ದೇವರಿಗಷ್ಟೇ ಮೀಸಲಾಗಿ ಉಳಿಯಲಿಲ್ಲ. ಮನೆಬಾಗಿಲಿಗೆ ಬಂದು ತಲೆಯಾಡಿಸುವ ಕೋಲೆ ಬಸವ, ಹರಕೆಗೆಂದು ಊರಿಗೆ ಬಿಟ್ಟ ಬಸವ, ಮಳೆಗಾಲದಲ್ಲಿ ಗೋಡೆ ಹತ್ತುವ ಬಸವನಹುಳು. ಈ ಹೆಸರಿನ ಹುಡುಗರು ಶಾಲೆಯಲ್ಲಿ ಇವೆಲ್ಲವನ್ನೂ ಕೇಳಿಸಿಕೊಂಡೇ ಬೆಳೆದಿರುತ್ತಾರೆ.

ಶರಣ ಬಸವಣ್ಣನಿಗೆ ಈ ಹೆಸರು ಬಂದದ್ದೂ ಹರಕೆಯಿಂದಲೇ ಎನ್ನುತ್ತದೆ ಪುರಾಣ. ಬಾಗೇವಾಡಿಯ ಮಾದಾಂಬೆ ನಂದಿಯನ್ನು ಪೂಜಿಸಿ ಮಗನನ್ನು ಪಡೆದಳಂತೆ. ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥ, ಅವನನ್ನು ಅನುಸರಿಸಿ 1369ರಲ್ಲಿ ಕನ್ನಡದ ಭೀಮಕವಿ, ಇಬ್ಬರೂ ಬಸವಣ್ಣನನ್ನು ನಂದಿಯ ಅವತಾರವೆಂದೇ ಹಾಡಿದರು. ಅಷ್ಟರಲ್ಲಿ ಹೆಸರು ಕಲ್ಲಿನ ಮೇಲೂ ಏರಿತ್ತು: ಹುಕ್ಕೇರಿ ಸೀಮೆಯ ಅರ್ಜುನವಾಡದ 1260ರ ಶಾಸನ ಬಾಗೇವಾಡಿಯ ಮಾದಿರಾಜನ ಮಗ ಬಸವರಾಜನನ್ನು ನೆನೆಯುತ್ತದೆ. ಮುಂದೆ ಕೆಳದಿಯ ರಾಣಿ ಚೆನ್ನಮ್ಮ ದತ್ತು ತೆಗೆದುಕೊಂಡ ಬಸಪ್ಪನಾಯಕ ಅರಸನಾದದ್ದಷ್ಟೇ ಅಲ್ಲ, ‘ಶಿವತತ್ತ್ವರತ್ನಾಕರ’ ಎಂಬ ವಿಶ್ವಕೋಶದಂಥ ಗ್ರಂಥವನ್ನು ಸಂಸ್ಕೃತದಲ್ಲಿ ಬರೆದ. ಪಾಲ್ಕುರಿಕೆಯ ನಾಡಿನಲ್ಲೂ ಹೆಸರು ಬೇರುಬಿಟ್ಟಿತು. ಕಮ್ಯುನಿಸ್ಟ್ ನಾಯಕ ಬಸವಪುನ್ನಯ್ಯ, ಎನ್.ಟಿ. ರಾಮರಾವ್ ಅವರ ಪತ್ನಿ ಬಸವತಾರಕಂ ಇಬ್ಬರೂ ಆಂಧ್ರದವರು. ಆಕೆಯ ಹೆಸರು ಹೊತ್ತ ಹೈದರಾಬಾದಿನ ಕ್ಯಾನ್ಸರ್ ಆಸ್ಪತ್ರೆಯ ಬೋರ್ಡಿನ ಮೇಲೆ ಇವತ್ತಿಗೂ ಬಸವನಿದ್ದಾನೆ.

ಕನ್ನಡನಾಡಿನ ಒಳಗೆ ಬಂದರೆ ಹೆಸರಿನ ಬಾಲ ನೋಡಿ ಊರು ಹೇಳಬಹುದು. ಬಸನಗೌಡ ಎಂದರೆ ವಿಜಯಪುರ, ರಾಯಚೂರಿನ ಕಡೆ. ಬಸವೇಗೌಡ ಎಂದರೆ ಮಂಡ್ಯ, ಹಾಸನ. ಅಣ್ಣನೂ ಸಾಲದೆ ಅಪ್ಪನೂ ಸೇರಿ ಬಸವಣ್ಣೆಪ್ಪನಾದರೆ ಧಾರವಾಡ, ಹಾವೇರಿ ಸೀಮೆ. ಉತ್ತರದ ಬಸವರಾಜ ತುಂಗಭದ್ರೆ ದಾಟಿ ಮೈಸೂರಿನ ಹತ್ತಿರ ಬರುವಷ್ಟರಲ್ಲಿ ಬಸವರಾಜು ಆಗಿರುತ್ತಾನೆ. ಬಸಯ್ಯ ಎಂದರೆ ಧಾರವಾಡದ ಕಡೆ ಜಂಗಮರ ಮನೆಯವರೆಂದು ಜನ ಊಹಿಸುತ್ತಾರೆ. ಮೈಸೂರು, ಚಾಮರಾಜನಗರದಲ್ಲಿ ಬಸವಯ್ಯ ಯಾವ ಕೇರಿಯವನಾದರೂ ಆಗಿರಬಹುದು. ಲಿಂಗಾಯತರ ಹೆಸರು ಎಂದು ಇದನ್ನು ಒಂದೇ ಮಾತಿನಲ್ಲಿ ಮುಗಿಸುವವರು ಹಳೇ ಮೈಸೂರಿನ ಹಳ್ಳಿಗಳಲ್ಲಿ ಒಮ್ಮೆ ಸುತ್ತಾಡಿ ಬರುವುದು ಒಳ್ಳೆಯದು. ಹೆಣ್ಣುಮಕ್ಕಳಿಗೆ ಬಸವ್ವ, ಬಸಮ್ಮ, ಬಸಲಿಂಗವ್ವ. ಮನೆಯಲ್ಲಿ ಮುದ್ದಿಗೆ ಬಸು, ಸಿಟ್ಟು ಬಂದರೆ ಬಸ್ಯಾ.

ಹೆಸರು ಇಷ್ಟು ಹಬ್ಬಿದ್ದು ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ. ಉತ್ತರ ಕರ್ನಾಟಕದ ಮನೆಗಳಲ್ಲಿ ಸೋದರತ್ತೆ ತೊಟ್ಟಿಲಿಗೆ ಬಾಗಿ, ಮಗುವಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುತ್ತಾಳೆ. ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ತೊಡಕು ಶುರುವಾಗುತ್ತಿದ್ದದ್ದು ಮರುದಿನದಿಂದ. ಸೊಸೆ ಮಾವನ ಹೆಸರು ಹಿಡಿದು ಕರೆಯುವಂತಿಲ್ಲ, ಮಗನ ಹೆಸರೂ ಅದೇ. ಹಾಗಾಗಿ ಎಷ್ಟೋ ಬಸಪ್ಪಂದಿರು ತಾಯಿಯ ಬಾಯಲ್ಲಿ ಕೊನೆಯವರೆಗೂ ಅಪ್ಪು, ಅಜ್ಜಪ್ಪ, ಮುತ್ಯಾ ಆಗಿಯೇ ಉಳಿದರು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಒಂದು ಹೊಸ ತಿರುವು ಬಂತು. ಹರ್ಡೇಕರ್ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆರಂಭಿಸಿದರು. ಹತ್ತು ವರ್ಷದ ನಂತರ, 1923ರಲ್ಲಿ, ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಯಿತು. ಪೂರ್ತಿ ಬಿಡಿಸಿ ಹೇಳಿದರೆ ಅವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿ: ಮಗನ ಹೆಸರಿನಲ್ಲಿ ಫಕೀರ, ತಂದೆಯ ಹೆಸರಿನಲ್ಲಿ ಬಸವ. ಆ ಕಾಲದ ಧಾರವಾಡಕ್ಕೆ ಇದು ವಿಚಿತ್ರವಾಗಿ ಕಂಡಿರಲಾರದು. ವಚನಗಳು ಓದುಗರ ಕೈಗೆ ಬಂದಂತೆ ಪುರಾಣದ ನಂದಿ ಹಿಂದೆ ಸರಿದು ಕಲ್ಯಾಣದ ವಿಚಾರವಂತ ಮುಂದೆ ಬಂದ. ಹೆಸರಿನ ಅರ್ಥ ಕೇಳಿದರೆ ಓದಿದವರು ಎತ್ತು ಎನ್ನುವ ಬದಲು ಸಮಾನತೆ ಎನ್ನತೊಡಗಿದರು.

ಹೆಸರಿನ ರೂಪವೂ ಬದಲಾಯಿತು. ಮೈಸೂರು ಅರಮನೆಯ ಕವಿ ಬಸಪ್ಪ ಶಾಸ್ತ್ರಿ, ಧಾರವಾಡದ ಕಡೆ ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚೆನ್ನಬಸಪ್ಪ, ಇಬ್ಬರೂ ಹತ್ತೊಂಬತ್ತನೇ ಶತಮಾನದವರು, ಇಬ್ಬರೂ ಅಪ್ಪಂದಿರು. 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾದ ಬಿ.ಡಿ. ಜತ್ತಿಯವರೂ ಬಸಪ್ಪನೇ. ಕಾದಂಬರಿಕಾರ ಕಟ್ಟೀಮನಿ, ಗಾಯಕ ರಾಜಗುರು ಅವರ ಪೀಳಿಗೆಯಲ್ಲಿ ಬಸವರಾಜ ಮೇಲೆದ್ದ. ಅಪ್ಪ ಹಳ್ಳಿಯಲ್ಲಿ ಉಳಿದ, ರಾಜ ಕಾಲೇಜಿಗೆ ಹೋದ ಎನ್ನಬಹುದೇನೋ.

ಈ ಚಲನೆಯನ್ನು ಒಂದೇ ಮನೆಯಲ್ಲಿ ನೋಡಬೇಕಾದರೆ ಬೊಮ್ಮಾಯಿಯವರ ಮನೆತನವಿದೆ. ಎಸ್.ಆರ್. ಬೊಮ್ಮಾಯಿ ಎಂದರೆ ಸೋಮಪ್ಪ ರಾಯಪ್ಪ. ಅವರ ಮಗ, 2021ರಲ್ಲಿ ಮುಖ್ಯಮಂತ್ರಿಯಾದವರು, ಬಸವರಾಜ. 2024ರಲ್ಲಿ ಶಿಗ್ಗಾವಿಯ ಉಪಚುನಾವಣೆಗೆ ನಿಂತ ಮೊಮ್ಮಗ ಭರತ್. ರಾಯಪ್ಪ, ಸೋಮಪ್ಪ, ಬಸವರಾಜ, ಭರತ್: ಕನ್ನಡದ ಎಷ್ಟೋ ಮನೆಗಳ ನಾಲ್ಕು ತಲೆಮಾರು ಹೆಚ್ಚುಕಡಿಮೆ ಹೀಗೆಯೇ ಸಾಗಿದೆ.

ಬಸವಣ್ಣನ ಕೀರ್ತಿಯೇನೂ ಇಳಿದಿಲ್ಲ. 2015ರ ನವೆಂಬರಿನಲ್ಲಿ ಲಂಡನ್ನಿನ ಥೇಮ್ಸ್ ದಡದಲ್ಲಿ ಪ್ರತಿಮೆ ಅನಾವರಣಗೊಂಡಿತು. 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅವರನ್ನು ಸಾಂಸ್ಕೃತಿಕ ನಾಯಕನೆಂದು ಘೋಷಿಸಿತು. ನಾರಾಯಣಪುರ ಜಲಾಶಯ ಬಸವಸಾಗರವಾಗಿ ಎಷ್ಟೋ ಕಾಲವಾಯಿತು. ಆದರೆ ಪ್ರತಿಮೆಗೆ ಹಾರ ಹಾಕಿ ಬಂದ ದಂಪತಿಯೇ ಮಗುವಿಗೆ ವಿಹಾನ್, ಅದ್ವಿಕ್ ಎಂಬ ಹೆಸರುಗಳನ್ನು ಮೊಬೈಲಿನಲ್ಲಿ ಹುಡುಕುತ್ತಿರುತ್ತಾರೆ. ಹೆಸರು ಚಿಕ್ಕದಿರಬೇಕು, ದಿಲ್ಲಿಯವರ ನಾಲಿಗೆಗೂ ಸಲೀಸಾಗಬೇಕು. ಬಸಮ್ಮ, ಬಸವ್ವ ಇನ್ನೂ ಬೇಗ ಮರೆಯಾದರು; ಅವರ ಜಾಗದಲ್ಲಿ ಅಲ್ಲೊಬ್ಬಳು ಇಲ್ಲೊಬ್ಬಳು ಬಸವಶ್ರೀ. ಹುಡುಗರಲ್ಲಿ ಬಸವಪ್ರಭು, ಬಸವಪ್ರಸಾದ ಸಿಗುತ್ತಾರೆ. ಹಿರಿಯರ ಮನಸ್ಸು ನೋಯಬಾರದೆಂದು ತೊಟ್ಟಿಲಲ್ಲಿ ಬಸವರಾಜ ಎಂದು ಕರೆದು, ಜನನ ಪ್ರಮಾಣಪತ್ರದಲ್ಲಿ ಬೇರೆ ಬರೆಸುವುದೂ ಉಂಟು.

ತಂದೆಯ ಹೆಸರನ್ನು ಇನಿಷಿಯಲ್ ಮಾಡಿಕೊಳ್ಳುವ ಮೈಸೂರು ಕಡೆಯ ಪದ್ಧತಿ ಈಗ ಈ ಹೆಸರಿಗೆ ಅಕಸ್ಮಾತ್ತಾಗಿ ಇನ್ನೊಂದು ದಾರಿ ತೆರೆದಿದೆ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಮನೆತನದ ಹೆಸರು ಕೇಳಿದಾಗ ‘ಬಿ’ ಎಂಬ ಅಕ್ಷರ ಬಿಚ್ಚಿಕೊಂಡು ಬಸಪ್ಪ, ಬಸವರಾಜು ಆಗುತ್ತದೆ. ಅಮೆರಿಕಕ್ಕೆ ಹೋದವರ ಮಕ್ಕಳಿಗೂ ಅದೇ ಮನೆಹೆಸರು ಅಂಟುತ್ತದೆ, ಅಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೂ.