ಲಕ್ವ ಹೊಡೆದ ಕಾಲು, ರೋಬೋಟ್ ಯಂತ್ರ, ತೆಂಗಿನ ತೋಟದ ನೆಲ

ಲಕ್ವ ಹೊಡೆದವರ ಚೇತರಿಕೆಯನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅಳೆಯಬೇಕಾದ್ದು ಮನೆಯಿಂದ ತೋಟದವರೆಗಿನ ನಡಿಗೆಯಲ್ಲಿ. ರೋಬೋಟ್ ನೆರವಿನ ನಡಿಗೆ ತರಬೇತಿಯ ಬಗ್ಗೆ ಈವರೆಗೆ ದೊರೆತಿರುವ ಸಾಕ್ಷ್ಯವನ್ನು ಆ ಅಳತೆಗೆ ಹಿಡಿದು ನೋಡುವುದು ಈ ಟಿಪ್ಪಣಿಯ ಉದ್ದೇಶ. ಎದ್ದು ನಡೆಯಲಾಗದವರಿಗೆ ಮೊದಲ ಮೂರು ತಿಂಗಳಲ್ಲಿ ಈ ಯಂತ್ರ ನಿಜಕ್ಕೂ ಉಪಕಾರಿ. ಅದರಾಚೆಗೆ ತಾಲ್ಲೂಕಿಗೆ ಬೇಕಿರುವುದು ಫಿಜಿಯೊಥೆರಪಿಸ್ಟ್ ಎಂಬುದು ನನ್ನ ವಾದ.

ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸ್ವಿಟ್ಜರ್ಲೆಂಡಿನ ಹೊಕೋಮಾ ಕಂಪನಿಯ ಲೋಕೋಮ್ಯಾಟ್, ರೋಗಿಯನ್ನು ಪಟ್ಟಿಗಳಿಂದ ತೂಗಿ ಹಿಡಿದು, ಸೊಂಟ ಮತ್ತು ಮಂಡಿಯ ಬಳಿಯ ಮೋಟಾರುಗಳಿಂದ ಟ್ರೆಡ್‌ಮಿಲ್ ಮೇಲೆ ಕಾಲು ಎತ್ತಿಡಿಸುತ್ತದೆ. ಬರ್ಲಿನ್‌ನ ಸ್ಟೆಫಾನ್ ಹೆಸ್ಸೆ ಅವರ ತಂಡ ರೂಪಿಸಿದ ಯಂತ್ರದಲ್ಲಿ ಪಾದಗಳನ್ನು ಚಲಿಸುವ ಹಲಗೆಗಳ ಮೇಲೆ ಇಡಿಸುತ್ತಾರೆ. ಎರಡರ ತರ್ಕವೂ ಒಂದೇ: ಏಟು ತಿಂದ ಮಿದುಳು ಮತ್ತೆ ಮತ್ತೆ ಮಾಡಿಯೇ ಕಲಿಯಬೇಕು. ಕ್ಯಾಥರೀನ್ ಲ್ಯಾಂಗ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ನಡಿಗೆ ಅಭ್ಯಾಸವಿದ್ದ ಸಾಮಾನ್ಯ ಚಿಕಿತ್ಸೆಯ ಒಂದು ಸರದಿಯಲ್ಲಿ ರೋಗಿ ಇಟ್ಟದ್ದು ಸರಾಸರಿ 357 ಹೆಜ್ಜೆ. ಹೆಸ್ಸೆ ಅವರ ಯಂತ್ರ 20 ನಿಮಿಷದಲ್ಲಿ ಸಾವಿರ ಹೆಜ್ಜೆಯವರೆಗೂ ಇಡಿಸಬಲ್ಲದು.

ಕಾಕ್ರೇನ್ ಸಂಸ್ಥೆಗಾಗಿ ಯಾನ್ ಮೆಹ್ರ್‌ಹೋಲ್ಟ್ಸ್ ತಂಡ 2020ರಲ್ಲಿ ಪರಿಷ್ಕರಿಸಿದ ಸಮೀಕ್ಷೆ 62 ಪ್ರಯೋಗಗಳ 2,440 ರೋಗಿಗಳನ್ನು ಒಳಗೊಂಡಿದೆ. ಫಿಜಿಯೊಥೆರಪಿಯ ಜೊತೆಗೆ ಯಂತ್ರವನ್ನೂ ಬಳಸಿದರೆ, ಸುಮಾರು ಎಂಟು ಮಂದಿಗೆ ಒಬ್ಬರಂತೆ ಹೆಚ್ಚುವರಿಯಾಗಿ ಪರರ ಆಸರೆಯಿಲ್ಲದೆ ನಡೆಯುವಂತಾಗುತ್ತಾರೆ. ಲಾಭ ಹೆಚ್ಚು ಕಂಡದ್ದು ಮೊದಲ ಮೂರು ತಿಂಗಳಿನವರಲ್ಲಿ, ಅದರಲ್ಲೂ ಆಗಿನ್ನೂ ನಡೆಯಲಾಗದಿದ್ದವರಲ್ಲಿ. ಬೇಗ ಎಂದರೆ ಮೊದಲ ದಿನವೇ ಎಂದಲ್ಲ: 24 ಗಂಟೆಯೊಳಗೇ ಹೆಚ್ಚು ಹೊತ್ತು ಎಬ್ಬಿಸಿ ಓಡಾಡಿಸಿದ ಅವರ್ಟ್ ಪ್ರಯೋಗದಲ್ಲಿ (2015) ಚೇತರಿಕೆ ಕುಗ್ಗಿತ್ತು.

ಆದರೆ ಆಗಲೇ ನಿಧಾನವಾಗಿ ನಡೆಯಬಲ್ಲವರ ಕತೆ ಬೇರೆ. ಹಾರ್ನ್‌ಬಿ (2008) ಮತ್ತು ಹಿಡ್ಲರ್ (2009) ತಂಡಗಳ ಪ್ರಯೋಗಗಳಲ್ಲಿ ಲೋಕೋಮ್ಯಾಟ್‌ಗಿಂತ ಫಿಜಿಯೊಥೆರಪಿಸ್ಟರ ಕೈಯಲ್ಲಿ ಪಳಗಿದವರೇ ನಡಿಗೆಯ ವೇಗದಲ್ಲಿ ಮುಂದಿದ್ದರು. ಇದಕ್ಕೆ ಕೊಡುವ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ: ಯಂತ್ರವೇ ಕಾಲು ಎತ್ತಿಕೊಟ್ಟರೆ ರೋಗಿಯ ಪ್ರಯತ್ನ ತಗ್ಗುತ್ತದೆ, ತಪ್ಪಿ ಸರಿಪಡಿಸಿಕೊಳ್ಳುವ ಅವಕಾಶವೂ ತಗ್ಗುತ್ತದೆ. ತೋಟದಲ್ಲಾದರೋ ಪ್ರತಿ ಹೆಜ್ಜೆಗೂ ಸರಿಪಡಿಸಿಕೊಳ್ಳಬೇಕು. ಮರದ ಬುಡದ ಪಾತಿ, ಬದು, ಹನಿ ನೀರಾವರಿಯ ಪೈಪು, ಬಿದ್ದ ಗರಿ, ರಾಶಿ ಹಾಕಿದ ಸಿಪ್ಪೆ. ಪಾದ ಎತ್ತಲಾಗದೆ ಬೆರಳು ಎಳೆಯುವವರು, ಕಾಲನ್ನು ಹೊರಗಿಂದ ಬಳಸಿ ಇಡುವವರು ಎಡವುವುದು ಇಲ್ಲಿಯೇ. ಸಮತಟ್ಟಾದ ಬೆಲ್ಟಿನ ಮೇಲೆ ಈ ಕೊರತೆ ಕಣ್ಣಿಗೆ ಬೀಳುವುದೇ ಇಲ್ಲ. ಕೂತು ಉಂಡೆ ಕೊಬ್ಬರಿ ಒಡೆಯುವ ಕೆಲಸಕ್ಕೆ ಮರಳಬೇಕಾದರೂ, ಮೊದಲು ಆ ನೆಲ ದಾಟಬೇಕು.

ಹಾಗಾದರೆ ಮನೆಯವರೇ ನಡೆಸಿಕೊಳ್ಳಲಿ ಎನ್ನಬಹುದೇ? ಭಾರತದ 14 ಆಸ್ಪತ್ರೆಗಳ 1,250 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಟೆಂಡ್ ಪ್ರಯೋಗ ಇದನ್ನೇ ಪರೀಕ್ಷಿಸಿತು. ಮನೆಯ ಒಬ್ಬರಿಗೆ ತರಬೇತಿ ಕೊಟ್ಟ ಗುಂಪಿನಲ್ಲೂ ಕೊಡದ ಗುಂಪಿನಲ್ಲೂ, ಆರು ತಿಂಗಳ ಬಳಿಕ ಸಾವು ಅಥವಾ ಪರಾವಲಂಬನೆ ಒಂದೇ ಪ್ರಮಾಣದಲ್ಲಿತ್ತು: 47%. ಈ ಫಲಿತಾಂಶ ಮನಸ್ಸಿಗೆ ಭಾರವಾದದ್ದು. ಹೆಂಡತಿ, ಸೊಸೆ, ಮಗ ಎಷ್ಟು ಅಕ್ಕರೆಯಿಂದ ನಡೆಸಿದರೂ ಪರಿಣತರ ಜಾಗವನ್ನು ಅವರು ತುಂಬಲಾರರು. ಆ ಹೊಣೆಯನ್ನು ಅವರ ತಲೆಗೆ ಕಟ್ಟುವುದು ಅನ್ಯಾಯ.

ದುಬಾರಿ ಯಂತ್ರ ದೊಡ್ಡ ಊರಿನಲ್ಲೇ ಇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ನರವೈಜ್ಞಾನಿಕ ಪುನಶ್ಚೇತನ ವಿಭಾಗ ರೋಬೋಟ್ ತರಬೇತಿಯ ಬಗ್ಗೆ ಅಧ್ಯಯನ ನಡೆಸಿದೆ. ಕೇರಳದ ಜೆನ್‌ರೋಬೋಟಿಕ್ಸ್ ದೇಶೀಯವಾಗಿಯೇ ಜಿ-ಗೇಟರ್ ಎಂಬ ಯಂತ್ರ ತಯಾರಿಸಿದೆ. ತಿಪಟೂರಿನಿಂದ ಬೆಂಗಳೂರಿಗೆ ಸುಮಾರು 140 ಕಿ.ಮೀ.; ವಾರಕ್ಕೆ ಹಲವು ಸರದಿ ಬೇಕಾದ ಚಿಕಿತ್ಸೆಗೆ ಹೋಗಿ ಬರುವುದು ಆಗದ ಮಾತು. ಆದ್ದರಿಂದ ನಡೆಯಲಾಗದವರನ್ನು ಆರಂಭದ ವಾರಗಳಲ್ಲೇ ಒಳರೋಗಿಯಾಗಿ ಯಂತ್ರವಿರುವಲ್ಲಿಗೆ ಸೇರಿಸಿ, ಹೆಜ್ಜೆ ಬಂದ ಮೇಲೆ ತಾಲ್ಲೂಕಿನ ಫಿಜಿಯೊಥೆರಪಿಸ್ಟರಿಗೆ ಒಪ್ಪಿಸುವ ಏರ್ಪಾಡು ಬೇಕು. ಇಲ್ಲಿ ಅಧ್ಯಯನ ಕೈಗೊಳ್ಳುವವರು ಆಸ್ಪತ್ರೆಯ ಮೊಗಸಾಲೆಯಲ್ಲಿ 10 ಮೀಟರ್ ನಡಿಗೆಯ ಸಮಯ ಅಳೆದಷ್ಟಕ್ಕೇ ನಿಲ್ಲದೆ, ಅದೇ ರೋಗಿಯನ್ನು ತೋಟದ 10 ಮೀಟರ್ ಉದ್ದಕ್ಕೂ ನಡೆಸಿ ಎಡವಿದ್ದನ್ನೂ ನಿಂತದ್ದನ್ನೂ ದಾಖಲಿಸಬೇಕು. ಯಂತ್ರದಲ್ಲಿ ಪಳಗಿದವರನ್ನೂ ಪಳಗದವರನ್ನೂ ಆ ನೆಲದ ಮೇಲೆಯೇ ಹೋಲಿಸಬೇಕು.